ಹತ್ತು ಕೆ.ಜಿ. ಸೊಪ್ಪಿನ ಟಿಕೀಟು

ನಮ್ಮಮ್ಮನ ಲೆಕ್ಕದಲ್ಲಿ ರೂಪಾಯಿ ಇಲ್ಲ, ಸೊಪ್ಪಿದೆ. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ನಿಂತು ಸೊಪ್ಪು ಅಂದರೆ ಯಾರೂ ದಂಟನ್ನೋ ಕೀರೆಯನ್ನೋ ನೆನೆಯುವುದಿಲ್ಲ. ಅದು ಹೊಗೆಸೊಪ್ಪೇ. ಸೀರೆ ಅಂಗಡಿಯಲ್ಲಿ ಬೆಲೆ ಕೇಳಿದವಳೇ ಮನಸ್ಸಿನಲ್ಲಿ ಹರಾಜಿನ ದರದಿಂದ ಭಾಗಿಸಿ, “ಅರ್ಧ ಬೇಲು” ಎಂದು ಉಸಿರು ಬಿಡುತ್ತಾಳೆ. ಕೆ.ಆರ್. ನಗರದ ಚಿಕ್ಕಮ್ಮನಿಗೆ ಇದೇ ಲೆಕ್ಕ ಭತ್ತದ ಮೂಟೆಯಲ್ಲಿ. ಎಚ್.ಡಿ. ಕೋಟೆಯ ಸೋದರಮಾವನಿಗೆ ಹತ್ತಿಯಲ್ಲಿ. ಈ ಮೂವರೂ ಮದುವೆ ಮನೆಯಲ್ಲಿ ಒಟ್ಟಿಗೆ ಕೂತು ಚಿನ್ನದ ಬೆಲೆ ಮಾತಾಡಿದರೆ, ಪಕ್ಕದಲ್ಲಿದ್ದವನಿಗೆ ಎಪಿಎಂಸಿ ಯಾರ್ಡಿಗೆ ಬಂದ ಹಾಗಾಗುತ್ತದೆ.

ಅಂಥ ಅಮ್ಮನನ್ನು ಕರೆದುಕೊಂಡು ಶಿಕಾಗೋದಲ್ಲಿರುವ ತಮ್ಮನ ಮನೆಗೆ ಹೋದೆ. ಮೊದಲ ಶನಿವಾರವೇ ಅವನು ನಮ್ಮನ್ನು ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಮ್ಯೂಸಿಯಂಗೆ ಹೊರಡಿಸಿದ. ಮೆಟ್ಟಿಲ ಎರಡು ಕಡೆ ಎರಡು ಕಂಚಿನ ಸಿಂಹ. ಕಿಲುಬು ಹಿಡಿದು ಹಸಿರಾಗಿವೆ. “ಹುಣಿಸೇಹಣ್ಣು ಹಾಕಿ ತಿಕ್ಕೋರಿಲ್ವಾ ಇವಕ್ಕೆ?” ಎಂದಳು ಅಮ್ಮ. ಅಷ್ಟರಲ್ಲಿ ಕೌಂಟರಿನ ಹತ್ತಿರ ತಮ್ಮ ಕಾರ್ಡು ತೆಗೆದ. ಒಬ್ಬರಿಗೆ ಮೂವತ್ತು ಡಾಲರಿನ ಆಸುಪಾಸು. ಅಮ್ಮನ ತುಟಿ ಅಲ್ಲಾಡಿತು. ನನಗೆ ಗೊತ್ತಾಯಿತು, ಹರಾಜು ನಡೆಯುತ್ತಿದೆ.

“ಹತ್ತು ಕೆಜಿ ಸೊಪ್ಪು ಕಣ್ಲಾ! ಬರೀ ನೋಡಾಕೆ?”

ಹದಿನಾಲ್ಕು ವರ್ಷದೊಳಗಿನವರಿಗೆ ಟಿಕೀಟಿಲ್ಲ ಎಂದು ತಮ್ಮ ಸಮಾಧಾನ ಹೇಳಲು ಹೋದ. “ಎಪ್ಪತ್ತು ದಾಟಿದ್ ಮ್ಯಾಕೆ ನಾನೂ ಮಗೀನೇ ಅಲ್ವಾ” ಎಂದು ಅವಳು ಅಲ್ಲೇ ಚೌಕಾಸಿಗಿಳಿದಳು. ವಯಸ್ಸಾದವರಿಗೆಂದು ಒಂದಿಷ್ಟು ಕಡಿಮೆ ಇತ್ತು. ಒಂದೆರಡು ಕೆ.ಜಿ. ಉಳಿಯಿತು.

ಆಮೇಲೆ ಓದಿ ನೋಡಿದರೆ, ಅಮ್ಮ ಕೇಳಿದ್ದು ಆ ದೇಶದವರೇ ನೂರೈವತ್ತು ವರ್ಷದಿಂದ ಕೇಳಿಕೊಳ್ಳುತ್ತಿರುವ ಪ್ರಶ್ನೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಹುಟ್ಟಿದ್ದು 1870ರಲ್ಲಿ. ಜನರಿಗಾಗಿ ಎಂದೇ ಕಟ್ಟಿದರು. ಆದರೆ ಭಾನುವಾರ ದೇವರ ದಿನ ಎಂದು ಬಾಗಿಲು ಹಾಕಿಬಿಡುತ್ತಿದ್ದರು. ಕೂಲಿಯವರಿಗೆ ಬಿಡುವಿದ್ದದ್ದೇ ಆ ಒಂದು ದಿನ. ಸಂತೆಯ ದಿನವೇ ಅಂಗಡಿ ಮುಚ್ಚಿದಂತೆ! ಜನ ಗಲಾಟೆ ಮಾಡಿ ಮಾಡಿ, 1891ರಲ್ಲಿ ಅಂತೂ ಭಾನುವಾರ ತೆರೆದರು. ಈಗ ಅಲ್ಲಿ ನ್ಯೂಯಾರ್ಕ್ ರಾಜ್ಯದವರು ಮನಸ್ಸಿಗೆ ಬಂದಷ್ಟು ಕೊಟ್ಟು ಒಳಗೆ ಹೋಗಬಹುದು. 2018ರಿಂದ ಹೊರಗಿನವರಿಗೆ ಮಾತ್ರ ಗೊತ್ತಾದ ದರ. 1916ರಲ್ಲಿ ಬಾಗಿಲು ತೆರೆದ ಕ್ಲೀವ್‌ಲ್ಯಾಂಡಿನ ಮ್ಯೂಸಿಯಂ ಎಲ್ಲ ಜನರಿಗೂ ಎಂದೆಂದಿಗೂ ಎಂಬ ಮಾತಿನ ಮೇಲೆ ನಿಂತಿದೆ, ಪ್ರವೇಶವೂ ಬಿಟ್ಟಿ. ಈ ಕೊನೆಯ ಸುದ್ದಿಯನ್ನು ತಮ್ಮ ಅವತ್ತೇ ಬಾಯಿ ತಪ್ಪಿ ಹೇಳಿದ. “ಮತ್ತೆ ಅಲ್ಲೇ ಕೆಲಸ ಹಿಡೀಬಾರ್ದಿತ್ತಾ?” ಎಂದಳು ಅಮ್ಮ.

ಒಳಗೆ ಹೋದಮೇಲೆ ತಮ್ಮ ಬ್ರಹ್ಮಾಸ್ತ್ರ ತೆಗೆದ. 1893ರ ಸೆಪ್ಟೆಂಬರಿನಲ್ಲಿ ಸರ್ವಧರ್ಮ ಸಮ್ಮೇಳನ ನಡೆದದ್ದು ಇದೇ ಕಟ್ಟಡದಲ್ಲಿ, ವಿವೇಕಾನಂದರು ಮಾತಾಡಿದ್ದು ಇಲ್ಲೇ ಎಂದ. ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಅದಕ್ಕೆ ಹಿಂದಿನ ವರ್ಷ ಸ್ವಾಮಿಗಳು ಮೈಸೂರಿಗೆ ಬಂದು ಚಾಮರಾಜ ಒಡೆಯರ ಅತಿಥಿಯಾಗಿದ್ದರೆಂದು ನಾನು ಒಗ್ಗರಣೆ ಹಾಕಿದೆ. 2010ರಲ್ಲಿ ಜಿತೀಶ್ ಕಲ್ಲಟ್ ಎಂಬ ಮುಂಬಯಿಯ ಕಲಾವಿದ ಆ ಭಾಷಣವನ್ನೆಲ್ಲ ಇಲ್ಲಿನ 118 ಮೆಟ್ಟಿಲುಗಳ ಮೇಲೆ ದೀಪದ ಅಕ್ಷರಗಳಲ್ಲಿ ಮೂಡಿಸಿದ್ದನೆಂದು ತಮ್ಮ ಹೇಳಿದ್ದೇ ತಡ, ಅಮ್ಮ ಇಟ್ಟ ಕಾಲು ಹಿಂದೆಗೆದಳು. ಅಕ್ಷರ ತುಳಿಯಬಾರದಲ್ಲ. ದೀಪಗಳನ್ನು ತೆಗೆದು ಎಷ್ಟೋ ವರ್ಷವಾಯಿತು, ಇದ್ದಾಗಲೂ ಅವು ಕಾಲಿಗೆ ಸಿಕ್ಕದಂತೆ ಮೆಟ್ಟಿಲ ಮುಖದ ಮೇಲಿದ್ದವು ಎಂದರೂ ಕೇಳದೆ, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೇ ಹತ್ತಿದಳು. ಅರ್ಧ ಹತ್ತಿದಮೇಲೆ ತಿರುಗಿ ಕೇಳಿದಳು: “ಸ್ವಾಮಿಗಳ ತಾವೂ ಟಿಕೀಟು ಕೇಳಿದ್ರಾ?”

ದೊಡ್ಡ ದೊಡ್ಡ ಚಿತ್ರಗಳ ಮುಂದೆ ಅವಳು ನಿಲ್ಲಲಿಲ್ಲ. ನಿಂತದ್ದು ನೆಲಮಾಳಿಗೆಯಲ್ಲಿ. ಅಲ್ಲಿ ಗೋಡೆಯೊಳಗೆ ಕೂರಿಸಿದ ಅರವತ್ತೆಂಟು ಪುಟ್ಟ ಕೋಣೆಗಳಿವೆ. ಥಾರ್ನ್ ಎಂಬ ಶ್ರೀಮಂತ ಹೆಂಗಸು 1930ರ ದಶಕದಲ್ಲಿ ಕುಶಲಕರ್ಮಿಗಳನ್ನಿಟ್ಟುಕೊಂಡು ಮಾಡಿಸಿದವು. ಒಂದಡಿಗೆ ಒಂದಂಗುಲದ ಲೆಕ್ಕ. ಬೆರಳುದ್ದದ ಕುರ್ಚಿ, ಉಗುರಿನಷ್ಟು ಪುಸ್ತಕ, ಕಿಟಕಿಯಾಚೆ ಬಿಸಿಲು. ಅಮ್ಮನಿಗೆ ನಮ್ಮೂರ ಮೇಷ್ಟ್ರ ಮನೆಯ ನವರಾತ್ರಿ ಗೊಂಬೆ ನೆನಪಾಗಿರಬೇಕು, ಗಾಜಿಗೆ ಮೂಗು ತಾಗಿಸಿ ಒಂದೊಂದನ್ನೂ ನೋಡಿದಳು. ಹತ್ತು ಕೋಣೆ ಆಗುವಷ್ಟರಲ್ಲಿ ತಕರಾರು ಶುರುವಾಯಿತು. ಪಿಯಾನೋ ಇದೆ, ಕನ್ನಡಿ ಇದೆ, ಒಲೆಯೆಲ್ಲಿ? ಇವರು ಉಣ್ಣುತ್ತಿದ್ದದ್ದು ಏನನ್ನು? ಹುಡುಕಿ ಹುಡುಕಿ ಕೊನೆಗೆ ಹದಿನೇಳನೇ ಶತಮಾನದ ಮ್ಯಾಸಚೂಸೆಟ್ಸಿನ ಒಂದು ಅಡುಗೆಮನೆ ಸಿಕ್ಕಿತು. ಅಗಲ ಬಾಯಿಯ ಒಲೆ, ಸುತ್ತ ಪಾತ್ರೆ ಪಗಡ. ಅದರ ಮುಂದೆ ಕಾಲು ಗಂಟೆ. “ಇದೊಂದು ಮನೆ. ಮಿಕ್ಕಿದ್ದೆಲ್ಲ ಛತ್ರ.” ಕಲಾವಿಮರ್ಶಕರು ಈ ಮಾತನ್ನು ಎರಡು ಪುಟ ಬರೆಯುತ್ತಿದ್ದರು.

ಊರಿಗೆ ಬಂದಮೇಲೆ ಅವಳಿಗೆ ಮ್ಯೂಸಿಯಮ್ಮಿನ ಗೀಳು ಹತ್ತಿತು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸಕ್ಕೆ ಕರೆದುಕೊಂಡು ಹೋದೆ. ರಾಜಕುಮಾರಿಗೆಂದು ಕಟ್ಟಿದ ಅರಮನೆ; 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಮಾಡಿತು. ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಇಂಥವರು ಹಳ್ಳಿ ಹಳ್ಳಿ ಸುತ್ತಿ, ಅಟ್ಟದ ಮೇಲಿದ್ದದ್ದನ್ನು, ಹಿತ್ತಲಲ್ಲಿ ಬಿದ್ದದ್ದನ್ನು ಬೇಡಿ ತಂದರು. ಮಹಾರಾಜರ ಮಗಳ ಮನೆಯಲ್ಲಿ ಒಕ್ಕಲು ಮಕ್ಕಳ ಕೊಳಗ, ಸೇರು, ಒನಕೆ, ಮೀನು ಹಿಡಿಯುವ ಬುಟ್ಟಿ! ಈಚೆಗೆ ಈ ಕಟ್ಟಡದ ಒಂದು ಪಾರ್ಶ್ವದ ದುರಸ್ತಿಗೆ ಅಮೆರಿಕ ಸರ್ಕಾರವೂ ತನ್ನ ಸಾಂಸ್ಕೃತಿಕ ನಿಧಿಯಿಂದ ದುಡ್ಡು ಕೊಟ್ಟಿದೆ. ನಮ್ಮ ಹತ್ತು ಕೆ.ಜಿ. ಸೊಪ್ಪು ಸುತ್ತಿ ಬಳಸಿ ಮೈಸೂರಿಗೇ ಬಂತು ಎಂದು ನಾನು ಅಂದುಕೊಂಡೆ.

ಇಲ್ಲಿ ಅಮ್ಮನಿಗೆ ಯಾವ ಫಲಕವೂ ಬೇಕಾಗಲಿಲ್ಲ. ನೆಂಟರ ಮನೆಗೆ ಬಂದವಳಂತೆ ಒಂದೊಂದನ್ನೂ ಹೆಸರು ಹಿಡಿದು ಮಾತಾಡಿಸುತ್ತಾ ಹೋದಳು. ಒಂದು ಮರದ ಕೊಳಗದ ಮುಂದೆ ಗಕ್ಕನೆ ನಿಂತಳು. ಬಾಯಿಗೆ ಹಿತ್ತಾಳೆ ಪಟ್ಟಿ, ಒಳಗೆ ಸವೆದು ನುಣುಪಾದ ಗೋಡೆ.

“ಇಂಥದ್ದೇ ನಮ್ಮ ಅಟ್ಟದ ಮ್ಯಾಲಿತ್ತು.”

“ಹೂಂ.”

“ಗುಜರಿಯವನಿಗೆ ಹಾಕಿ ಪ್ಲಾಸ್ಟಿಕ್ ಬಕೀಟು ಈಸ್ಕೊಂಡೋನು ನೀನೇ ತಾನೆ?”

ಪಕ್ಕದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಇಬ್ಬರು ವಿದ್ಯಾರ್ಥಿನಿಯರು ತಲೆಯೆತ್ತಿ ನನ್ನನ್ನು ನೋಡಿದರು. ಆ ಬಕೀಟೂ ಈಗಿಲ್ಲ.

ಇನ್ನೊಂದು ಸಲ ಕಬಿನಿ ಹಿನ್ನೀರಿನ ಕಡೆ ಒಂದು ರೆಸಾರ್ಟಿನಲ್ಲಿ ಸೋದರಮಾವನ ಮಗನ ಆರತಕ್ಷತೆ. ಗೋಡೆ ತುಂಬ ಮೊರ, ಜರಡಿ, ಗಾಡಿ ಚಕ್ರ. ಕಂಪನಿ ಸರ್ಕಾರದ ಕಾಲದಲ್ಲಿ ಹುಣಸೂರಿನಲ್ಲಿ ಸೈನ್ಯಕ್ಕಾಗಿ ಗಾಡಿ ಕಟ್ಟುತ್ತಿದ್ದರಂತೆ. ಆ ಕಡೆಯವಳಾದ ಅಮ್ಮನಿಗೆ ಚಕ್ರ ಗೋಡೆ ಹತ್ತಿದ್ದು ಸಹಿಸಲಾಗಲಿಲ್ಲ. ಮೊರವನ್ನಂತೂ ಬೋರಲು ಹಾಕಿದ್ದರು. ಊಟದ ಸಾಲು ಬಿಟ್ಟುಹೋಗಿ, ಕುರ್ಚಿ ಎಳೆದು ಹತ್ತಿ, ತಿರುಗಿಸಿಟ್ಟೇ ಇಳಿದಳು. ಮೇಲ್ವಿಚಾರಕ ಏನೂ ಅನ್ನಲಿಲ್ಲ. ಅವನ ತಾಯಿಯೂ ಹಾಗೇ ಇದ್ದಿರಬೇಕು.

ಕಳೆದ ವರ್ಷ ತಮ್ಮ ಫೋನಿನಲ್ಲಿ ಹೊಸ ರಾಗ ತೆಗೆದ. ನಾರ್ತ್ ಕೆರೊಲಿನಾಕ್ಕೆ ಹೋಗಿದ್ದನಂತೆ. ಅಲ್ಲಿ ರೆನಾಲ್ಡ್ಸ್ ಎಂಬ ಸಿಗರೇಟು ದೊರೆಯ ಸಂಸಾರ 1917ರಲ್ಲಿ ಬಂದು ನೆಲೆಸಿದ ಬಂಗಲೆ 1967ರಲ್ಲಿ ಕಲಾ ಮ್ಯೂಸಿಯಂ ಆಗಿದೆ. ನಾವು ಬೆಳೆಯುವ ವರ್ಜೀನಿಯಾ ಸೊಪ್ಪಿನ ತವರು ಆ ಸೀಮೆಯೇ. ಸೊಪ್ಪಿನ ದುಡ್ಡು ಅಲ್ಲಿ ಚಿತ್ರಗಳಾಗಿ ಗೋಡೆಯ ಮೇಲಿದೆ. “ನಮ್ಮ ಹಳೇ ಬ್ಯಾರನ್ನನ್ನೂ ಹಂಗೇ ಮಾಡಣ. ಕಡ್ಡಿ, ತಕ್ಕಡಿ, ಅಪ್ಪನ ಥರ್ಮಾಮೀಟರು ಎಲ್ಲ ನೇತಾಕಣ. ಮಕ್ಕಳು ಬಂದು ನೋಡ್ಲಿ.”

ನನಗೆ ಆಸೆಯಾಯಿತು. ಸೊಪ್ಪು ಕಾಯಿಸಿ ಒಣಗಿಸುತ್ತಿದ್ದ ಆ ಬ್ಯಾರನ್ನಿನ ಬಾಗಿಲು ತೆಗೆದರೆ ಇಂದಿಗೂ ಜೇನು ಸುಟ್ಟಂಥ ಆ ಸಿಹಿ ವಾಸನೆ ಗೋಡೆಯಿಂದ ಬರುತ್ತದೆ. ಬೇಯಿಸುವ ಐದಾರು ರಾತ್ರಿ ಅಪ್ಪ ಒಲೆಯ ಬಾಯಿಯ ಪಕ್ಕ ಚಾಪೆ ಹಾಕಿ ಮಲಗುತ್ತಿದ್ದರು. ಗಂಟೆಗೊಮ್ಮೆ ಎದ್ದು, ಸಣ್ಣ ಕಿಟಕಿಗೆ ಟಾರ್ಚು ಬಿಟ್ಟು ಒಳಗಿನ ಕಾವು ನೋಡುತ್ತಿದ್ದರು. ಶಾಖ ಒಂದಿಷ್ಟು ಹೆಚ್ಚಾದರೆ ಸೊಪ್ಪು ಕಪ್ಪಾಗಿ, ಗ್ರೇಡು ಬಿದ್ದು, ಆ ವರ್ಷದ ನಮ್ಮ ಸ್ಕೂಲು ಬಟ್ಟೆಯೂ ಬೀಳುತ್ತಿತ್ತು. ಥಾರ್ನ್ ಅಮ್ಮನವರು ಇದ್ದಿದ್ದರೆ ಆ ಕಿಟಕಿ, ಟಾರ್ಚು, ಚಾಪೆ ಎಲ್ಲವನ್ನೂ ಅಂಗುಲದ ಲೆಕ್ಕದಲ್ಲಿ ಮಾಡಿಸುತ್ತಿದ್ದರು.

ಅಮ್ಮನಿಗೆ ವಿಷಯ ಹೇಳಿದೆ. ಜುಲೈ ತಿಂಗಳು. ಹೊಲದಲ್ಲಿ ಬುಡದ ಎಲೆ ಹಳದಿಗೆ ತಿರುಗಿತ್ತು, ಹೊಸ ಬ್ಯಾರನ್ನಿನ ಪೈಪು ತೂತು ಬಿದ್ದು ಕೂತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹಳೇ ಬ್ಯಾರನ್ನಿನ ಒಳಗೆ ಹೋಗಿ ಅಡ್ಡಗಳಗಳನ್ನು ಜಗ್ಗಿ ನೋಡಿದಳು, ಒಲೆಯ ಬಾಯಿಗೆ ಬಗ್ಗಿ ಬೂದಿ ಕೆದಕಿದಳು.

“ಗಟ್ಟಿಯಾಗೇ ಅದೆ. ನಾಳೀಕೆ ಒಂದು ಲೋಡು ಸೌದೆ ಹೇಳು,” ಎಂದಳು.