ಕಿನ್ನರ ವರ

ಮನುಷ್ಯರ ಹೆಣ್ಣಿಗೂ ಕಿನ್ನರ ಲೋಕದ ಗಂಡಿಗೂ ಗಂಟು ಹಾಕುವ ಕಾದಂಬರಿಗಳಲ್ಲಿ ಈಚೆಗೆ ತುಂಬ ಹೆಸರು ಮಾಡಿದ್ದು ಅಮೆರಿಕದ ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ (2015). ಅದರ ನಾಯಕ ಟ್ಯಾಮ್ಲಿನ್. ವರನ ಮನೆತನ ವಿಚಾರಿಸಿದರೆ ಬೇರು ಸಿಗುವುದು ಸ್ಕಾಟ್ಲೆಂಡಿನ ಹಳೆಯ ಲಾವಣಿ ‘ಟ್ಯಾಮ್ ಲಿನ್’ನಲ್ಲಿ.

ಈ ಕಥೆ 1549ರ ಹೊತ್ತಿಗಾಗಲೇ ಅಲ್ಲಿ ಜನರ ಬಾಯಲ್ಲಿತ್ತು. ನಡೆಯುವುದು ಸೆಲ್‌ಕರ್ಕ್ ಊರಿನ ಹತ್ತಿರ, ‘ಎಟ್ರಿಕ್’ ಮತ್ತು ‘ಯಾರೋ’ ಎಂಬ ಹೊಳೆಗಳು ಕೂಡುವ ಕಾರ್ಟರ್‌ಹಾ ಕಾಡಿನಲ್ಲಿ. ಆ ಕಾಡಿಗೆ ಹೋದ ಹುಡುಗಿಯರು ಉಂಗುರವನ್ನೋ ಮೇಲುವಸ್ತ್ರವನ್ನೋ, ಅವೆರಡಕ್ಕಿಂತ ಬೆಲೆಯುಳ್ಳದ್ದನ್ನೋ ಒಪ್ಪಿಸಿಯೇ ಬರಬೇಕೆಂಬ ಎಚ್ಚರಿಕೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಜಾನೆಟ್ ಹೋದಳು. ಗುಲಾಬಿ ಕಿತ್ತಳು. ಹೇಳದೆ ಕೇಳದೆ ಕಿತ್ತದ್ದೇಕೆಂದು ಜಗಳ ತೆಗೆದು ಟ್ಯಾಮ್ ಲಿನ್ ಎದುರಿಗೆ ನಿಂತ. ಜಗಳ ಎಲ್ಲಿಗೆ ಮುಟ್ಟಿತೆಂದರೆ, ಕೆಲವೇ ದಿನಗಳಲ್ಲಿ ಜಾನೆಟ್‌ಳ ಮೈಬಣ್ಣ ನೋಡಿ ಮನೆಯ ಹಿರಿಯರು ಗುಸುಗುಸು ಶುರುಮಾಡಿದರು.

ಟ್ಯಾಮ್ ಲಿನ್ ಅಸಲಿ ಕಿನ್ನರನೇನಲ್ಲ. ಕುದುರೆಯಿಂದ ಬಿದ್ದು ಕಿನ್ನರ ರಾಣಿಯ ಕೈಗೆ ಸಿಕ್ಕಿದ ಮನುಷ್ಯ. ಅವಳ ರಾಜ್ಯ ಏಳು ವರ್ಷಕ್ಕೊಮ್ಮೆ ನರಕಕ್ಕೆ ಕಂದಾಯ ಕಟ್ಟಬೇಕು. ಈ ಸಲದ ಕಂತು ತಾನೇ ಎಂಬ ಅನುಮಾನ ಅವನಿಗೆ. ಬಿಡಿಸಿಕೊಳ್ಳುವ ದಾರಿಯನ್ನೂ ಅವನೇ ಹೇಳಿಕೊಡುತ್ತಾನೆ: ಹ್ಯಾಲೋವೀನ್ ರಾತ್ರಿ ಮೈಲ್ಸ್ ಕ್ರಾಸ್‌ನಲ್ಲಿ ಕಾದು ನಿಲ್ಲಬೇಕು, ಕಪ್ಪು ಕುದುರೆ, ಕಂದು ಕುದುರೆಗಳನ್ನು ಹೋಗಗೊಟ್ಟು ಬಿಳಿ ಕುದುರೆಯ ಸವಾರನನ್ನು ಕೆಳಕ್ಕೆಳೆಯಬೇಕು. ಅವನು ಹಾವಾದರೂ ಕರಡಿಯಾದರೂ ಸಿಂಹವಾದರೂ ಕಾದ ಕಬ್ಬಿಣವಾದರೂ ಅಪ್ಪಿದ ಕೈ ಸಡಿಲಿಸಬಾರದು. ಕೊನೆಗೆ ನಿಗಿನಿಗಿ ಕೆಂಡವಾದಾಗ ಬಾವಿಗೆ ಹಾಕಿ, ಬತ್ತಲೆ ಎದ್ದು ಬರುವವನಿಗೆ ತನ್ನ ಹಸಿರು ಮೇಲುವಸ್ತ್ರ ಹೊದಿಸಬೇಕು. ನಾಯಕನ ಪಾಲಿನ ಕೆಲಸ ರೂಪ ಬದಲಿಸುವುದಷ್ಟೇ. ಉಳಿದದ್ದೆಲ್ಲ ಬಸುರಿ ಹೆಂಗಸಿನ ಹೊಣೆ. ಸೋತ ರಾಣಿ ಹೋಗುವಾಗ, ಇದು ಮೊದಲೇ ತಿಳಿದಿದ್ದರೆ ಅವನ ಕಣ್ಣು ಕಿತ್ತು ಮರದ ಕಣ್ಣು ಕೂರಿಸುತ್ತಿದ್ದೆ ಎಂದು ಹೇಳಿಯೇ ಹೋಗುತ್ತಾಳೆ.

ಮಾಸ್ ಈ ಸರಕಿಗೆ ‘ಬ್ಯೂಟಿ ಅಂಡ್ ದಿ ಬೀಸ್ಟ್’ ಕಥೆಯನ್ನೂ ಬೆರೆಸಿದ್ದಾರೆ. ನಾಯಕಿ ಫೇರಾಳಿಗೆ 19 ವರ್ಷ. ಬಡತನ, ಓದು ಬಾರದು, ಮನೆಯವರ ಹೊಟ್ಟೆಗೆ ಇವಳ ಬೇಟೆಯೇ ಗತಿ. ಒಂದು ದಿನ ಹೊಡೆದ ತೋಳ ಕಿನ್ನರನಾಗಿತ್ತು. ಜೀವಕ್ಕೆ ಜೀವ ಎಂಬ ಒಪ್ಪಂದ ತೋರಿಸಿ ಮೃಗರೂಪದ ಟ್ಯಾಮ್ಲಿನ್ ಅವಳನ್ನು ಪ್ರಿಥಿಯನ್ ಎಂಬ ಕಿನ್ನರ ನಾಡಿಗೆ ಒಯ್ಯುತ್ತಾನೆ. ಜೈಲಿನ ಬದಲು ಅಲ್ಲಿ ಅರಮನೆ, ಮೃಷ್ಟಾನ್ನ, ಬಣ್ಣ ಕುಂಚ. ಶಾಪದಿಂದ ಮುಖಕ್ಕೆ ಅಂಟಿದ ಮುಖವಾಡ ಕೀಳಲಾಗದ ಯಜಮಾನನೊಂದಿಗೆ ಅವಳಿಗೆ ಪ್ರೇಮ. ವಧು ಹತ್ತೊಂಬತ್ತರವಳು, ವರ ಶತಮಾನಗಳನ್ನೇ ಕಂಡವನು. ಈ ಸಂಬಂಧಕ್ಕೆ ತಕರಾರು ಎತ್ತುವ ಸೋದರಮಾವ ಮಾತ್ರ ಕಥೆಯಲ್ಲಿ ಯಾರೂ ಇಲ್ಲ.

ಹಳೆಯ ನಂಬಿಕೆಯಲ್ಲಿ ಕಿನ್ನರರಿಗೆ ಕಬ್ಬಿಣ ಆಗದು. ಕೆಲವು ಕಥೆಗಳಲ್ಲಿ ಸುಳ್ಳಾಡುವುದೂ ಬಾರದು. ಈ ಕಾದಂಬರಿ ಎರಡನ್ನೂ ಮನುಷ್ಯರ ಅಜ್ಜಿಕಥೆ ಎಂದು ತಳ್ಳಿಹಾಕುತ್ತದೆ. ಕಬ್ಬಿಣ ನಾಟದು, ಸುಳ್ಳನ್ನು ಅವರು ಸಲೀಸಾಗಿ ಹೇಳಬಲ್ಲರು. ಪ್ರೇಮಿಯಾಗಿ ಅವರು ಮನುಷ್ಯರಿಗೆ ಹೊಂದಿಕೆಯಾಗುವುದಕ್ಕೆ ಇದೂ ಒಂದು ಕಾರಣವಿರಬೇಕು. ಕರಾರು ಮಾತ್ರ ತಪ್ಪುವಂತಿಲ್ಲ. ಟ್ಯಾಮ್ಲಿನ್‌ನನ್ನು ಶಾಪದಿಂದ ಬಿಡಿಸಲು ಹೋಗಿ ಸೆರೆಬಿದ್ದು, ಅಲ್ಲಿ ಕೈಯ ಗಾಯ ಕೊಳೆತು ಸಾಯುವಂತಾದ ಫೇರಾಳನ್ನು ರೀಸ್ಯಾಂಡ್ ಎಂಬ ಇನ್ನೊಬ್ಬ ಕಿನ್ನರ ದೊರೆ ವಾಸಿ ಮಾಡುತ್ತಾನೆ. ಶುಲ್ಕ: ತಿಂಗಳಿಗೊಂದು ವಾರ ಅವನ ಅರಮನೆಯಲ್ಲಿ ವಾಸ. ಒಪ್ಪಿದ ಗುರುತಿಗೆ ಅವಳ ತೋಳಿನ ಮೇಲೆ ಹಚ್ಚೆ ಮೂಡುತ್ತದೆ, ಸಬ್‌ರಿಜಿಸ್ಟ್ರಾರ್ ಕಚೇರಿಯ ಮೊಹರಿನ ಹಾಗೆ.

ಮೂರು ಪರೀಕ್ಷೆ, ಒಂದು ಒಗಟು, ಒಂದು ಸಾವು ಇಷ್ಟನ್ನೂ ದಾಟಿ ಫೇರಾ ಟ್ಯಾಮ್ಲಿನ್‌ನನ್ನು ಬಿಡಿಸುತ್ತಾಳೆ. ದೊರೆಗಳೆಲ್ಲ ಸೇರಿ ಅವಳನ್ನು ಕಿನ್ನರಿಯಾಗಿ ಬದುಕಿಸುತ್ತಾರೆ. 2016ರ ಎರಡನೆಯ ಸಂಪುಟದಲ್ಲಿ ಅದೇ ಟ್ಯಾಮ್ಲಿನ್ ಕಾಪಾಡುವ ಹೆಸರಿನಲ್ಲಿ ಅವಳನ್ನು ಮನೆಯೊಳಗೆ ಕೂಡಿಹಾಕುತ್ತಾನೆ. ಅವಳು ರೀಸ್ಯಾಂಡ್‌ನ ಕಡೆಗೆ ಹೊರಟುಹೋಗುತ್ತಾಳೆ. ಅವನ ವಯಸ್ಸು ಐನೂರು ದಾಟಿದೆ.