ದ್ವಿತಲಮಂಚ ಮೀಮಾಂಸೆ

ಗೃಹಸ್ಥಾಶ್ರಮದಲ್ಲಿ ಇಬ್ಬರು ಮಕ್ಕಳು, ಎರಡು ಬೆಡ್‌ರೂಮು ಮತ್ತು ಹನ್ನೊಂದು ತಿಂಗಳ ಬಾಡಿಗೆ ಕರಾರು ಒಟ್ಟಿಗೆ ಕೂಡಿಬಂದಾಗ ಹುಟ್ಟುವ ವಿಕಾರಗಳಲ್ಲಿ ಬಂಕ್ ಬೆಡ್ ಪ್ರಧಾನವಾದುದು. ಪ್ರಾಚೀನರು ಇದರ ಬಗ್ಗೆ ಮೌನ ವಹಿಸಿದ್ದಾರೆ. ಜಮಖಾನ ಹಾಸಿದರೆ ಮನೆಯ ಮಕ್ಕಳೆಲ್ಲ ಅಡ್ಡಡ್ಡ ಮಲಗುತ್ತಿದ್ದ ಕಾಲದಲ್ಲಿ ಏಣಿ ಹಾಕಿ ಹತ್ತಬೇಕಾದ ಜಾಗವೆಂದರೆ ಅಟ್ಟ. ಅಲ್ಲಿ ಮಲಗುವ ಅಧಿಕಾರ ಕುಂಬಳಕಾಯಿಗೆ ಮಾತ್ರ ಇತ್ತು. ಆದಕಾರಣ ಈ ಶಾಸ್ತ್ರವನ್ನು ಬುಡದಿಂದಲೇ ಕಟ್ಟಬೇಕಾಗಿದೆ.

ಇಲ್ಲಿ ಪೂರ್ವಪಕ್ಷಿ ಫರ್ನಿಚರ್ ಅಂಗಡಿಯವನು. "ಆರಡಿ ಉದ್ದ, ಮೂರಡಿ ಅಗಲ. ಒಂದು ಮಂಚಕ್ಕೆ 18 ಚದರಡಿ, ಎರಡಕ್ಕೆ 36. ಒಂದರ ಮೇಲೊಂದು ಇಟ್ಟರೆ 18 ಚದರಡಿ ನಿಮಗೆ ಉಳೀತು ಸಾರ್. ಬೆಂಗಳೂರಲ್ಲಿ ಚದರಡಿ ರೇಟು ನಾನು ಹೇಳ್ಬೇಕಾ?" ಗಣಿತದಲ್ಲಿ ತಪ್ಪಿಲ್ಲ. ದೋಷ ಹೊರಬೀಳುವುದು ಮಂಚ ಮನೆಗೆ ಬಂದ ರಾತ್ರಿ. ಮೇಲಿನ ಮಗು ಉರುಳಿ ಬಿದ್ದರೆ ಏನು ಗತಿ ಎಂದು ತಾಯಿ, ಉಳಿದ ಆ 18 ಚದರಡಿಯ ಮೇಲೆ ಹಳೇ ಹಾಸಿಗೆಯೊಂದನ್ನು ಹಾಸುತ್ತಾಳೆ. ಹಾಸಿಗೆ ಮೇಲೆ ಬಿದ್ದರೂ ಪೆಟ್ಟಾಗಬಹುದಲ್ಲ ಎಂಬ ಸಂಶಯ ಬಂದು, ಹಿಡಿದುಕೊಳ್ಳಲೆಂದು ತಂದೆಯನ್ನು ಅದರ ಮೇಲೆ ಮಲಗಿಸುತ್ತಾಳೆ. 36ರಲ್ಲಿ 18 ಕಳೆದು 18 ಕೂಡಿಸಿದರೆ ಉಳಿತಾಯ ಸೊನ್ನೆ. ತಂದೆಯ ಸೊಂಟನೋವು ನಿವ್ವಳ ಲಾಭ.

ಇನ್ನು ಎತ್ತರದ ವಿಚಾರ. ವಾಸದ ಕೋಣೆಗೆ ನೆಲದಿಂದ ಸೂರಿಗೆ ಕನಿಷ್ಠ 2.75 ಮೀಟರ್ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ, ಅಂದರೆ ಹೆಚ್ಚುಕಡಿಮೆ 9 ಅಡಿ. ಮೇಲಿನ ಹಾಸಿಗೆ ಐದೂವರೆ ಅಡಿ ಎತ್ತರದಲ್ಲಿದೆ, ಅದರ ಮೇಲೆ ನಾಲ್ಕಡಿಯ ಹುಡುಗ ಎದ್ದು ನಿಂತ ಎಂದಿಟ್ಟುಕೊಳ್ಳಿ. ಅವನ ತಲೆ ಮೇಲಿನ ಮನೆಯವರ ನೆಲದೊಳಗೆ ಅರ್ಧ ಅಡಿ ಇರುತ್ತದೆ. ಇದು ಅಸಾಧ್ಯವಾದ್ದರಿಂದ ಹುಡುಗ ಬಗ್ಗುತ್ತಾನೆ, ಬಗ್ಗಿ ಕೈ ಚಾಚುತ್ತಾನೆ. ಚಾಚಿದಲ್ಲಿ ಫ್ಯಾನು. ಹತ್ತಡಿ ಅಗಲದ ಕೋಣೆಯ ನಡುಮಧ್ಯೆ 1200 ಮಿಲಿಮೀಟರಿನ ಮಾಮೂಲಿ ಫ್ಯಾನು ತಿರುಗಿದರೆ ರೆಕ್ಕೆಯ ತುದಿ ಗೋಡೆಯಿಂದ ಸುಮಾರು ಮೂರಡಿಗೆ ಬರುತ್ತದೆ. ಗೋಡೆಗೆ ಒತ್ತಿ ಹಾಕಿದ ಮಂಚದ ಅಂಚೂ ಮೂರಡಿಗೇ ಮುಗಿಯುತ್ತದೆ. ಈ ಲೆಕ್ಕವನ್ನು ಯಾವ ಅಂಗಡಿಯವನೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ಫ್ಯಾನು ಬಂದ್, ಮಕ್ಕಳಿಗೆ ಸೆಕೆ. ಸೆಕೆಗೆ ಕಿಟಕಿ ತೆರೆದರೆ ಸೊಳ್ಳೆ. ಪರದೆ ಕಟ್ಟೋಣವೆಂದರೆ ಕೆಳಗಿನವನಿಗೆ ಮೊಳೆ ಹೊಡೆಯುವ ಜಾಗವೇ ಇಲ್ಲ.

ತಡೆಪಟ್ಟಿಯ ವಿಷಯದಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವನ್ನು ಪ್ರಮಾಣವಾಗಿ ಸ್ವೀಕರಿಸಬಹುದು. 2000ದಲ್ಲಿ ಜಾರಿಗೆ ಬಂದ ಅದರ ನಿಯಮದಂತೆ ಪಟ್ಟಿಯು ಹಾಸಿಗೆಯ ಮೇಲ್ಮೈಗಿಂತ 5 ಅಂಗುಲವಾದರೂ ಮೇಲಿರಬೇಕು, 6 ವರ್ಷದೊಳಗಿನ ಮಕ್ಕಳನ್ನು ಮೇಲೆ ಮಲಗಿಸಬಾರದೆಂಬ ಎಚ್ಚರಿಕೆ ಮಂಚದ ಮೇಲೇ ಇರಬೇಕು. ಆಯೋಗಕ್ಕೆ ನಮ್ಮ ಅಜ್ಜಿಯಂದಿರ ಪರಿಚಯವಿರಲಿಲ್ಲ. ಬಡಗಿ ನಾಲ್ಕಂಗುಲದ ಹಾಸಿಗೆಯನ್ನು ನಂಬಿ ಪಟ್ಟಿ ಹೊಡೆದಿರುತ್ತಾನೆ, ಅಂಗಡಿಯವನು ಆರಂಗುಲದ್ದನ್ನು ದಾಟಿಸಿರುತ್ತಾನೆ. ಅಷ್ಟರಲ್ಲಿ ಧಾರವಾಡದ ಅಜ್ಜಿ ಬಂದು "ಕೂಸಿಗೆ ಥಂಡಿ ಆಗ್ತದ" ಎಂದು ಒಂದರ ಮೇಲೊಂದು ಕೌದಿ ಹಾಸುತ್ತಾರೆ. ಪ್ರೀತಿ ದಪ್ಪವಾದಷ್ಟೂ ತಡೆಪಟ್ಟಿ ಗಿಡ್ಡವಾಗುತ್ತದೆ.

ಈಗ ಮುಖ್ಯ ಪ್ರಶ್ನೆ: ಮೇಲಿನ ಹಾಸಿಗೆ ಯಾರದು? ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ರಚಿಸಿದ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಹೆಣ್ಣುಮಕ್ಕಳಿಗೂ ಆ ಹಕ್ಕನ್ನು ಕರ್ನಾಟಕ 1994ರಲ್ಲೇ ವಿಸ್ತರಿಸಿತು. ಕೇಂದ್ರಕ್ಕೆ ಬುದ್ಧಿ ಬಂದದ್ದು 2005ಕ್ಕೆ. ಆದರೆ ಅಕ್ಕ, ತಮ್ಮ ಇಬ್ಬರೂ ಹುಟ್ಟಿಯೇ ಇರುವುದರಿಂದ ವ್ಯಾಜ್ಯ ಅಲ್ಲೇ ನಿಲ್ಲುತ್ತದೆ. ಬಂಗಾಳದ ಜೀಮೂತವಾಹನನ ದಾಯಭಾಗದಂತೆ ತಂದೆ ಬದುಕಿರುವವರೆಗೆ ಅದು ತಂದೆಯ ಸ್ವತ್ತು. ಅವನ ಮಂಡಿ ಒಪ್ಪುವುದಿಲ್ಲ. ಕೊನೆಗೆ ವಾರದ ಪಾಲು ಮಾಡಿದರೆ ಮೂರು ಮೂರು ದಿನ ಹೋಗಿ ಭಾನುವಾರ ಅವಿಭಕ್ತವಾಗಿ ಉಳಿಯುತ್ತದೆ. ಅಂದು ಇಬ್ಬರೂ ಮೇಲೆ. ಬೋಲ್ಟುಗಳು ಸಡಿಲವಾಗಿವೆ ಎಂಬುದಕ್ಕೆ ಆ ರಾತ್ರಿ ಕಿರ್‌ರ್ ಎಂಬ ಶಬ್ದಪ್ರಮಾಣ ಲಭ್ಯ.

ಗೆದ್ದವರ ಸುಖವೂ ಅಷ್ಟರಲ್ಲೇ ಇದೆ. "ಅಮ್ಮಾ, ನೀರು" ಎಂಬ ಕರೆ ಐದೂವರೆ ಅಡಿ ಮೇಲಿಂದ ಬರುತ್ತದೆ, ಕಬ್ಬಿಣದ ಉರುಟು ಪೈಪಿನ ಮೆಟ್ಟಿಲು ಅಂಗಾಲಿನ ನಡುವಿಗೆ ಒತ್ತುತ್ತದೆ, ಲೋಟದ ನೀರು ಅರ್ಧ ತೋಳಿನೊಳಗೆ ಇಳಿದಿರುತ್ತದೆ. ಕುಡಿದ ನೀರು ಮುಂಜಾವಕ್ಕೆ ತನ್ನ ಕೆಲಸ ಮಾಡಿದರೆ ಭಗೀರಥನ ತಪಸ್ಸಿಲ್ಲದೆಯೇ ಗಂಗಾವತರಣ; ಜಟೆಯೊಡ್ಡಲು ಕೆಳಗೆ ತಮ್ಮ ಮಲಗಿದ್ದಾನೆ. ಆಮೇಲೆ ಶೀಟು ಬದಲಿಸುವ ಯೋಗಾಸನ. ಹಾಸಿಗೆಯ ಯಾವ ಮೂಲೆಯನ್ನು ಎತ್ತಬೇಕೋ ಅದೇ ಮೂಲೆಯ ಮೇಲೆ ನೀವು ಮಂಡಿಯೂರಿರುತ್ತೀರಿ. ಬೆನ್ನಿಗೆ ಸೂರು, ಎದುರಿಗೆ ಗೋಡೆ. ಎಲಾಸ್ಟಿಕ್ ಶೀಟಿನ ನಾಲ್ಕನೆಯ ಮೂಲೆ ಸಿಕ್ಕಿಸುವ ಹೊತ್ತಿಗೆ ಮೊದಲನೆಯದು ಚಿಮ್ಮಿ ಬಿಟ್ಟುಕೊಂಡಿರುತ್ತದೆ.

"ರೈಲಿನಲ್ಲಿ ನಡೆಯುವುದಿಲ್ಲವೇ?" ಎಂಬುದು ಪೂರ್ವಪಕ್ಷಿಯ ಕೊನೆಯ ಬಾಣ. ನಡೆಯುತ್ತದೆ, ಏಕೆಂದರೆ ಅಲ್ಲಿ ಕಾನೂನಿದೆ. ಮಿಡ್ಲ್ ಬರ್ತ್ ಬಿಚ್ಚುವುದು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ. ಹಿರಿಯರಿಗೂ 45 ದಾಟಿದ ಮಹಿಳೆಯರಿಗೂ ಲೋಯರ್ ಬರ್ತಿನಲ್ಲಿ ಆದ್ಯತೆ. ತಗಾದೆ ಬಂದರೆ ಕಪ್ಪು ಕೋಟಿನ ಟಿಟಿಇ. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಗಾದರೆ ಊರು ಬರುತ್ತದೆ.

ಮನೆಯಲ್ಲಿ ಬರುವುದು ವರ್ಗಾವಣೆ. ಮಂಚವನ್ನು ಕೋಣೆಯೊಳಗೇ ಜೋಡಿಸಿದ್ದು, ಅದು ಬಾಗಿಲಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲಿ ಮಕ್ಕಳಿಬ್ಬರೂ ಅಪ್ಪನ ನೆಲದ ಹಾಸಿಗೆಗೆ ವಲಸೆ ಬಂದಿರುತ್ತಾರೆ, ಮೇಲಿನ ಮಂಚ ಸೂಟ್‌ಕೇಸು, ಗಣಪತಿ ಮಂಟಪ, ಕೆಟ್ಟ ಕೂಲರುಗಳ ನೆಲೆಯಾಗಿರುತ್ತದೆ. ಮಾರಾಟಕ್ಕಿಟ್ಟೆವು. ನೋಡಲು ಬಂದ ದಂಪತಿಗೆ ಮೇಲಿನ ಸಿದ್ಧಾಂತವನ್ನೆಲ್ಲ ಸಾಧಾರವಾಗಿ ವಿವರಿಸೋಣವೆಂದು ಹಸ್ತಪ್ರತಿ ಕೈಗೆತ್ತಿಕೊಂಡೆ. ಅವರ ಮಕ್ಕಳಿಬ್ಬರು ಆಗಲೇ ಚಪ್ಪಲಿ ಸಮೇತ ಮೇಲೆ ಹತ್ತಿ ಕೂತು "ನಂದು, ನಂದು" ಅನ್ನುತ್ತಿದ್ದರು. ತಂದೆ ಜೇಬಿಗೆ ಕೈ ಹಾಕಿದರು. ಮಂಚ ಬಿಚ್ಚಿದಾಗ ಸಿಕ್ಕ ಸ್ಕ್ರೂಗಳಿಗೆ ಡಬ್ಬಿ ಹುಡುಕುತ್ತಿದ್ದ ಬಡಗಿ, "ಸಾರ್, ಆ ಪೇಪರ್ ಬೇಕಾ?" ಎಂದು ಕೇಳಿ, ನನ್ನ ಎರಡನೆಯ ಪುಟದಲ್ಲಿ ಗಟ್ಟಿಯಾಗಿ ಪೊಟ್ಟಣ ಕಟ್ಟಿದ.