ಸ್ವಿಚ್ ಆಫ್ ಸರ್ಕಾರ

ನೇಪಾಳ ಸರ್ಕಾರ 2000ರಲ್ಲಿ ಮಾಹಿತಿ ತಂತ್ರಜ್ಞಾನ ನೀತಿ ಬರೆಯಿತು. ಐದೇ ವರ್ಷದಲ್ಲಿ ದೇಶವನ್ನು ಜಗತ್ತಿನ ಐಟಿ ನಕ್ಷೆಗೆ ಏರಿಸುವ ಭರವಸೆ. ಸರಿಯಾಗಿ ಐದನೇ ವರ್ಷ, 2005ರ ಫೆಬ್ರವರಿ 1ರಂದು, ರಾಜ ಜ್ಞಾನೇಂದ್ರ ಸರ್ಕಾರವನ್ನೇ ವಜಾ ಮಾಡಿ ಗದ್ದುಗೆಯ ಜೊತೆ ಆಡಳಿತವನ್ನೂ ಎಳೆದುಕೊಂಡರು. ಬೆನ್ನಿಗೇ ಫೋನ್ ಸತ್ತಿತು, ಇಂಟರ್ನೆಟ್ಟೂ ಸತ್ತಿತು. ಇಡೀ ಜಗತ್ತು ನೇಪಾಳದತ್ತ ತಿರುಗಿ ನೋಡಿತು. ಗಡುವು ತಪ್ಪಲಿಲ್ಲ ನೋಡಿ.

ಕಾಠ್ಮಂಡುವಿನಾಚೆ ಬನೇಪಾದಲ್ಲಿ ಐಟಿ ಪಾರ್ಕ್ ಎದ್ದಿತು. ಕಂಪನಿಗಳು ಬರಲಿಲ್ಲ. ವರ್ಷಗಟ್ಟಲೆ ಖಾಲಿ. ಕಟ್ಟಡ ಕಟ್ಟಿಸುವುದು ಯಾವ ಸರ್ಕಾರಕ್ಕೆ ಬರುವುದಿಲ್ಲ ಹೇಳಿ? ಸಿಮೆಂಟಿಗೆ ಪಾಸ್‌ವರ್ಡ್ ಬೇಕಿಲ್ಲ. ಕಂಪನಿಗಳು ಬಂದಿದ್ದರೂ ಕೂತು ಮಾಡುವುದೇನಿತ್ತು? 2008-09ರ ಚಳಿಗಾಲದಲ್ಲಿ ಕಾಠ್ಮಂಡುವಿನಲ್ಲೇ ದಿನಕ್ಕೆ 16 ಗಂಟೆ ಕರೆಂಟ್ ಇರಲಿಲ್ಲ.

ಕಾಯ್ದೆಗೇನೂ ಬರವಿಲ್ಲ. ಡಿಜಿಟಲ್ ಸಹಿಗೆ, ಆನ್‌ಲೈನ್ ವ್ಯವಹಾರಕ್ಕೆ ಮಾನ್ಯತೆ ಕೊಡಲೆಂದು ಒಂದನ್ನು ತಂದರು. ಸಹಿಯ ಕಥೆ ಹಾಗಿರಲಿ, ಅದರ 47ನೇ ಕಲಂ ಮಾತ್ರ ಚುರುಕಾಗಿ ಓಡಾಡಿತು. ಆನ್‌ಲೈನಿನಲ್ಲಿ ಸಭ್ಯತೆ ಮೀರಿದರೆ ಐದು ವರ್ಷದವರೆಗೆ ಜೈಲು. ಸಭ್ಯತೆ ಮೀರಿದವರು ಯಾರು ಅಂತೀರಿ? ಪತ್ರಕರ್ತರು.

2015ರಲ್ಲಿ ಮತ್ತೊಂದು ನೀತಿ. 2019ರಲ್ಲಿ ‘ಡಿಜಿಟಲ್ ನೇಪಾಳ’: 8 ಕ್ಷೇತ್ರ, 80 ಯೋಜನೆ. 2023ರಲ್ಲಿ ಟಿಕ್‌ಟಾಕ್ ಬಂದ್, ಸಾಮಾಜಿಕ ಸಾಮರಸ್ಯ ಕೆಡುತ್ತದಂತೆ. 2024ರಲ್ಲಿ ಮತ್ತೆ ಚಾಲೂ. ಸಾಮರಸ್ಯ ಅಷ್ಟರಲ್ಲಿ ಗಟ್ಟಿಯಾಗಿರಬೇಕು.

2025ರ ಸೆಪ್ಟೆಂಬರ್ 4. ನೋಂದಣಿ ಮಾಡಿಸಿಲ್ಲವೆಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಯೂಟ್ಯೂಬ್ ಸೇರಿ 26 ತಾಣಗಳಿಗೆ ಬೀಗ. ದೇಶದ ಒಲೆ ಉರಿಯುವುದೇ ಹೊರಗೆ ದುಡಿಯುವ ಮಕ್ಕಳ ದುಡ್ಡಿನಲ್ಲಿ. ಕತಾರಿನ ಬಿಸಿಲಲ್ಲಿ ಬೇಯುವ ಮಗ ಕಳಿಸುವ ಹಣ ಸರ್ಕಾರಕ್ಕೆ ಬೇಕು. ಅವನ ಮುಖ ಅವ್ವನಿಗೆ ತೋರಿಸುವ ಆ್ಯಪ್ ಬೇಡ. ಮಂತ್ರಿಮಹೋದಯರ ಮಕ್ಕಳ ಮೋಜುಮಸ್ತಿಯ ಚಿತ್ರಗಳು ಊರೆಲ್ಲ ಹರಿದಾಡುತ್ತಿದ್ದ ಹೊತ್ತದು. ಬೀಗ ಹಾಕಲು ಆಗಲೇ ಮುಹೂರ್ತ ಕೂಡಿಬಂತು.

ಸೆಪ್ಟೆಂಬರ್ 8ರಂದು ಹುಡುಗ ಹುಡುಗಿಯರು ಬೀದಿಗಿಳಿದರು. ಕೆಲವರು ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದರು. ಗುಂಡು ಹಾರಿತು. ಒಂದೇ ದಿನ 19 ಹೆಣ. ಆ ರಾತ್ರಿಯೇ ನಿಷೇಧ ವಾಪಸ್. ನೋಂದಣಿಯ ನಿಯಮ ಅಷ್ಟು ಪವಿತ್ರವಾಗಿದ್ದರೆ ರಾತ್ರೋರಾತ್ರಿ ಎಲ್ಲಿ ಹೋಯಿತು? ಮರುದಿನ ಪ್ರಧಾನಿ ಓಲಿಯವರೂ ರಾಜೀನಾಮೆ ಕೊಟ್ಟರು.

ಇದನ್ನೋದಿ ನಾವು ಹಲ್ಲು ಕಿಸಿಯುವುದು ಬೇಡ. 2019ರ ಆಗಸ್ಟಿನಿಂದ ತಿಂಗಳುಗಟ್ಟಲೆ ಕಾಶ್ಮೀರದಲ್ಲಿ ಇಂಟರ್ನೆಟ್ ಇರಲಿಲ್ಲ. ನಮ್ಮದು ಆಗಲೂ ಡಿಜಿಟಲ್ ಇಂಡಿಯಾವೇ.

ನೇಪಾಳದಲ್ಲಿ ಬೀಗ ಬಿದ್ದ 26 ತಾಣಗಳಲ್ಲಿ ಡಿಸ್ಕಾರ್ಡ್ ಕೂಡ ಇತ್ತು, ಗೇಮ್ ಆಡುವ ಹುಡುಗರು ಹರಟುವ ಜಾಗ. ಮುಂದಿನ ಪ್ರಧಾನಿ ಯಾರಾಗಬೇಕೆಂದು ಆ ಹುಡುಗರು ಅಲ್ಲೇ ಚರ್ಚಿಸಿ, ಅಲ್ಲೇ ಮತ ಹಾಕಿದರು. ಹೆಚ್ಚು ಮತ ಬಿದ್ದದ್ದು ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಅವರಿಗೆ. ಸೆಪ್ಟೆಂಬರ್ 12ರಂದು ರಾಷ್ಟ್ರಪತಿ ಅವರಿಗೇ ಪ್ರಮಾಣವಚನ ಬೋಧಿಸಿದರು. 80 ಯೋಜನೆಗಳ ಪಟ್ಟಿಯಲ್ಲಿ ಇದೊಂದು ಇರಲಿಲ್ಲ.